ಹೆಸರು ಹೇಳಿ ಇಳಿಸಿದ್ದು

ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಎರಡೇ ಸಲ. ಇಲ್ಲಿ ಮೂರನೇ ಸಲ ಹೇಳುವ ಉದ್ದೇಶವಿಲ್ಲ. ನಮ್ಮ ಕಡೆ ಹೆಂಗಸು ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆ ಅನ್ನುತ್ತಿದ್ದರು. ಅದನ್ನು ನಾನು ಒಂದು ದಿನಕ್ಕೂ ನಂಬಿದವಳಲ್ಲ. ಆದರೂ ಆಸ್ಪತ್ರೆಯಲ್ಲಿ ಚೀಟಿ ಬರೆಯುವವನು "ಯಜಮಾನರ ಹೆಸರೇನಮ್ಮ?" ಅಂದರೆ ಪಕ್ಕದಲ್ಲಿ ನಿಂತವಳ ಕಡೆ ತಿರುಗಿ "ನೀನೇ ಹೇಳೇ" ಅನ್ನುತ್ತಿದ್ದೆ. ನಂಬಿಕೆ ಬೇರೆ, ನಾಲಿಗೆಯ ಅಭ್ಯಾಸ ಬೇರೆ. ಪಾರ್ಟಿಯ ಹೆಸರನ್ನೂ ಹೇಳುವುದಿಲ್ಲ. ಯಾವ ಪಾರ್ಟಿಯಾದರೇನು, ನಾಯಕನನ್ನು ಇಳಿಸುವ ಹೊತ್ತು ಬಂದರೆ ಎಲ್ಲ ಕಡೆಯೂ ಇದೇ ರಾಮಾಯಣ.

ಅರವತ್ತರ ದಶಕದ ಮೊದಲ ವರ್ಷಗಳು. ಚಿನ್ನದ ಗಣಿ ಕಂಪನಿಯ ಕೈಯಿಂದ ಸರ್ಕಾರದ ಕೈಗೆ ಬಂದಿತ್ತು. ಬೋರ್ಡು ಬದಲಾಯಿತು, ಧೂಳು ಬದಲಾಗಲಿಲ್ಲ. ನಾವು ನಂದಿದುರ್ಗ ಗಣಿಯ ಲೈನ್‌ನಲ್ಲಿದ್ದೆವು. ಲೈನ್ ಅಂದರೆ ಒಂದಕ್ಕೊಂದು ಅಂಟಿಕೊಂಡ ಕಾರ್ಮಿಕರ ಮನೆಗಳ ಸಾಲು. ಒಂದು ಮನೆಯಲ್ಲಿ ಒಗ್ಗರಣೆ ಹಾಕಿದರೆ ನಾಲ್ಕು ಮನೆಯವರು ಸೀನುತ್ತಿದ್ದರು. ನಮ್ಮವರು, ಅಂದರೆ ನನ್ನ ಯಜಮಾನರು, ಕ್ಯಾಸಂಬಳ್ಳಿ ಕಡೆಯವರು. ರಾಗಿ ಹೊಲ ಅಣ್ಣತಮ್ಮಂದಿರಿಗೆ ಸಾಲದೆ ಗಣಿಗೆ ಬಂದವರು. ಸುರಂಗದ ಮೇಲುಭಾಗ ಕುಸಿಯದ ಹಾಗೆ ಮರದ ದಿಮ್ಮಿಗಳನ್ನು ಊರುಗೋಲಾಗಿ ನಿಲ್ಲಿಸುವ ಟಿಂಬರ್ ಕೆಲಸ ಅವರದು. ನಾನು ಬಂಗಾರಪೇಟೆಯ ಮೇಷ್ಟರ ಮಗಳು, ಎಂಟನೇ ತರಗತಿವರೆಗೆ ಓದಿದವಳು. ಸಂಬಂಧ ಗೊತ್ತಾದಾಗ ನಮ್ಮಜ್ಜಿ, "ನೆಲದ ಮೇಲೆ ಕೆಲ್ಸ ಮಾಡೋ ಗಂಡು ಒಬ್ಬನೂ ಸಿಗ್ನಿಲ್ವಾ?" ಅಂತ ಕೇಳಿದ್ದಳು.

ಬೆಳಗಿನ ಪಾಳಿಗೆ ಹೋಗುವವರಿಗಾಗಿ ಮನೆ ಮುಂದೆ ಇಡ್ಲಿ ಹಾಕುತ್ತಿದ್ದೆ. ಚಟ್ನಿ ಖಾರ ಅಂದವನಿಗೆ "ನಾಲಿಗೆ ಮನೇಲಿಟ್ಟು ಬಾರಪ್ಪ" ಅನ್ನುತ್ತಿದ್ದೆ. ಕನ್ನಡ, ತಮಿಳು, ತೆಲುಗು ಮೂರರಲ್ಲೂ ವ್ಯಾಪಾರ ಮಾಡಬಲ್ಲವಳಾಗಿದ್ದೆ, ಬೈಯುವಾಗ ಮಾತ್ರ ತೆಲುಗೇ ಚೆನ್ನಾಗಿ ಒದಗುತ್ತಿತ್ತು. "ಇಡ್ಲಿಗಿಂತ ನಿನ್ ಬಾಯಿಗೇ ಗಿರಾಕಿ ಜಾಸ್ತಿ" ಅಂತ ನಮ್ಮವರು ರೇಗಿಸುವರು. ಪಾರ್ಟಿಯ ನಮ್ಮ ಶಾಖೆ ಹುಟ್ಟಿದಂದಿನಿಂದ ಅವರೇ ಅಧ್ಯಕ್ಷರು. ತಮಿಳಿನವರು "ತಲೈವರೇ" ಅನ್ನುವರು, ನಮ್ಮ ಕಡೆಯವರು "ಅಣ್ಣ" ಅನ್ನುವರು. ಹೆಂಗಸರೂ ಸದಸ್ಯರಾಗಬೇಕು ಎಂದು ಹಟ ಹಿಡಿದು ನನ್ನಿಂದಲೇ ಶುರು ಮಾಡಿಸಿದವರೂ ಅವರೇ. ಸದಸ್ಯಳಾದೆನೇ ಹೊರತು ಸಭೆಯಲ್ಲಿ ನಾನು ಬಾಯಿ ತೆರೆದವಳಲ್ಲ. ಹೇಳುವುದನ್ನೆಲ್ಲ ಮನೆಯಲ್ಲೇ ಹೇಳಿ ಮುಗಿಸಿರುತ್ತಿದ್ದೆ.

ನಮ್ಮ ಶಾಖೆಯಲ್ಲಿ ಒಂದು ಪದ್ಧತಿ ಇತ್ತು. ಬೇರೆ ಊರಿನಲ್ಲಿ ಇದ್ದಿರಲಾರದು. ಗಣಿ ಮೂರು ಪಾಳಿಯಲ್ಲಿ ನಡೆಯುತ್ತಿತ್ತು. ಯಾವ ಹೊತ್ತಿನಲ್ಲಿ ಸಭೆ ಕರೆದರೂ ಸದಸ್ಯರಲ್ಲಿ ಒಂದು ಪಾಲು ನೆಲದ ಕೆಳಗೆ, ಒಂದು ಪಾಲು ನಿದ್ದೆಯಲ್ಲಿ. ಹಾಗಾಗಿ ಒಂದೇ ಸಭೆಯನ್ನು ಒಂದೇ ದಿನ ಮೂರು ಸಲ ಮಾಡುತ್ತಿದ್ದೆವು. ರಾತ್ರಿ ಪಾಳಿ ಮುಗಿಸಿ ಮೇಲೆ ಬಂದವರಿಗೆ ಬೆಳಿಗ್ಗೆ, ಮಧ್ಯಾಹ್ನ ಕೆಳಗಿಳಿಯುವವರಿಗೆ ಇಳಿಯುವ ಮುಂಚೆ, ಬೆಳಗಿನ ಪಾಳಿಯವರಿಗೆ ಸ್ನಾನ ಮಾಡಿ ಬಂದ ಮೇಲೆ ಸಾಯಂಕಾಲ. ಅದೇ ತಗಡಿನ ಶೆಡ್ಡು, ಅದೇ ಕೈಯುಳ್ಳ ಒಂದೇ ಕುರ್ಚಿ, ಅದೇ ಅಧ್ಯಕ್ಷರು, ಅದೇ ಭಾಷಣ. ನಗಿಸುವ ಮಾತೂ ಮೂರು ಸಲವೂ ಅದೇ ಜಾಗದಲ್ಲಿ ಬರುತ್ತಿತ್ತು. ಕೊನೆಗೆ ಮೂರು ಪಾಳಿಯ ಕೈಗಳನ್ನು ಕೂಡಿಸಿ ತೀರ್ಮಾನ. ನೆಲದೊಳಗಿದ್ದವನ ಮಾತು ನೆಲದೊಳಗೇ ಉಳಿಯಬಾರದು ಎಂದು ಇದನ್ನು ತಂದವರು ನಮ್ಮವರು. ನನಗೆ ಆ ವಿಷಯದಲ್ಲಿ ಅವರ ಮೇಲೆ ಹೆಮ್ಮೆಯಿತ್ತು, ಈಗಲೂ ಇದೆ.

ಇನ್ನೆರಡು ಮಾತು ಅವರ ಬಾಯಲ್ಲಿ ಯಾವಾಗಲೂ ಇರುತ್ತಿತ್ತು. ಸಭೆಯಲ್ಲಿ ಯಾರಾದರೂ "ಕೆಲವರು ಹಿಂಗೆ ಮಾಡ್ತಾರೆ" ಎಂದು ಸುತ್ತಿ ಬಳಸಿ ಶುರು ಮಾಡಿದರೆ, "ಎಸ್ರು ಏಳ್ಲಾ. ಎಸ್ರು ಏಳ್ದೆ ಆಡಿದ್ ಮಾತು ಚಾಡಿ" ಅನ್ನುವರು. ಹೆಸರು ಹೇಳುವುದಾದರೆ ಎದ್ದು ನಿಂತು, ಆ ಮನುಷ್ಯ ಕೂತಿರುವಾಗಲೇ ಹೇಳಬೇಕು. ಇನ್ನೊಂದು ಅವರ ಕೆಲಸದಿಂದ ಬಂದದ್ದು. ಗಣಿಯೊಳಗೆ ಹಳೆಯ ಮರ ಎಷ್ಟೇ ಲಡ್ಡಾಗಿ ಟೊಳ್ಳು ಬಿದ್ದಿರಲಿ, ಪಕ್ಕದಲ್ಲಿ ಹೊಸ ಮರ ನಿಲ್ಲಿಸದೆ ಅದನ್ನು ತೆಗೆಯುವ ಹಾಗಿಲ್ಲ. ಯಾರನ್ನಾದರೂ ಯಾವುದಾದರೂ ಜಾಗದಿಂದ ತೆಗೆಯಬೇಕು ಎಂಬ ಮಾತು ಬಂದರೆ ಅವರು ಮೊದಲು ಕೇಳುತ್ತಿದ್ದದ್ದು "ಬದ್ಲು ಮರ ಎಲ್ಲೈತೆ?" ಅಂತ.

ಮರೆವು ಮೊದಲು ಕಂಡದ್ದು ನನಗೆ. ಮನೆಯಲ್ಲಿ ಅಲ್ಲದೆ ಇನ್ನೆಲ್ಲಿ ಕಾಣುತ್ತದೆ? ಊಟ ಮಾಡಿ ಕೈ ತೊಳೆದುಕೊಂಡು ಬಂದು "ಇವತ್ತು ಊಟ ಇಲ್ವಾ?" ಅನ್ನುವರು. ನಾನು ತಮಾಷೆ ಅಂದುಕೊಂಡು ಗದರಿದೆ. ಬಂಗಾರಪೇಟೆಗೆ ತಾಲ್ಲೂಕು ಸಮಿತಿಯ ಸಭೆಗೆ ಹೋದವರು ಬರುವಾಗ ನಾವು ಇಳಿಯುವ ಜಾಗಕ್ಕೆ ಮುಂಚೆಯೇ ಕೋರಮಂಡಲ್ ಸ್ಟೇಷನ್‌ನಲ್ಲಿ ಇಳಿದು ಕೂತುಬಿಟ್ಟಿದ್ದರು. ಯಾರೋ ಗುರುತಿನವರು ಕರೆದುಕೊಂಡು ಬಂದರು. "ನಿದ್ದೆಗಣ್ಣಲ್ಲಿ ಇಳಿದ್ಬುಟ್ಟೆ" ಅಂದರು. ನಾನೂ ಅದನ್ನೇ ಊರಿಗೆಲ್ಲ ಹೇಳಿದೆ. ಒಂದು ಸಾಯಂಕಾಲ ಪೊಟ್ಟಣ ತಂದು ನನ್ನ ಕೈಗಿಟ್ಟು "ಅಮ್ಮಂಗೆ ಕೊಡು" ಅಂದರು. ಬಿಚ್ಚಿ ನೋಡಿದರೆ ಎಲೆ ಅಡಿಕೆ. ಅವರಮ್ಮ ತೀರಿಕೊಂಡು ವರ್ಷಗಳಾಗಿದ್ದವು. ಅಯ್ಯೋ ಶಿವನೇ ಅಂದುಕೊಂಡು ಎಲೆಯನ್ನು ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ. ಅಮ್ಮ ಈಗಿಲ್ಲ ಎಂದು ಅವರಿಗೆ ಹೇಳಿದ್ದು ಬಿಟ್ಟರೆ ಇನ್ಯಾರಿಗೂ ಹೇಳಲಿಲ್ಲ. ಲೈನ್‌ನಲ್ಲಿ "ತಲೆ ಕೆಟ್ಟೋನು" ಎಂಬ ಮಾತು ಹುಟ್ಟಿದರೆ ಮಕ್ಕಳು ಹಿಂದೆ ಬಿದ್ದು ಕೂಗುತ್ತವೆ. ನನ್ನ ಗಂಡನ ಹಿಂದೆ ಯಾರೂ ಕೂಗಕೂಡದು. ಅಷ್ಟೇ ನನಗಿದ್ದದ್ದು.

ಆಮೇಲೆ ಪಟ್ಟಣದ ಚುನಾವಣೆ ಬಂತು. ನಮ್ಮ ಭಾಗದ ಒಂದು ಜಾಗಕ್ಕೆ ಪಾರ್ಟಿಯಿಂದ ಯಾರು ನಿಲ್ಲಬೇಕು ಎಂದು ಹೇಳುವ ಅಧಿಕಾರ ಅಧ್ಯಕ್ಷರದು. ಕೋರಮಂಡಲ್ ಕಡೆಯ ಒಬ್ಬನಿಗೆ "ನೀನೇ ನಿಲ್ಲು" ಅಂದರು. ವಾರ ಕಳೆದ ಮೇಲೆ ನಮ್ಮ ಲೈನಿನ ಒಬ್ಬನಿಗೂ "ನೀನೇ ನಿಲ್ಲು" ಅಂದರು. ಮೊದಲು ಹೇಳಿದ್ದು ಅವರಿಗೆ ನೆನಪೇ ಇರಲಿಲ್ಲ. ಇಬ್ಬರೂ ಹಟ ಬಿಡದೆ ನಿಂತರು. ಜಗಳ ಆಯಿತು, ಓಟು ಒಡೆಯಿತು, ಇಬ್ಬರೂ ಸೋತರು. ಗೆದ್ದವರು ನಮ್ಮ ಶೆಡ್ಡಿನ ಮುಂದೆಯೇ ಪಟಾಕಿ ಹೊಡೆದರು.

ಯಾರೂ ಮರೆವು ಅನ್ನಲಿಲ್ಲ. ಎರಡು ನಾಲಿಗೆ ಅಂದರು. "ಇಬ್ಬರನ್ನೂ ಆಟ ಆಡ್ಸಿದ್ದಾನೆ, ಒಳಗೊಳಗೇ ಆ ಕಡೆಯೋರ ಜೊತೆ ಸೇರ್ಕೊಂಡಿದ್ದಾನೆ" ಅಂದರು. ಅವರ ಎದುರಿಗಲ್ಲ, ನನ್ನ ಬೆನ್ನ ಹಿಂದೆ, ಕೆಲವರು ನನ್ನ ಇಡ್ಲಿ ತಿನ್ನುತ್ತಲೇ. ನಮ್ಮವರಿಗೆ ಇದಾವುದೂ ಗೊತ್ತಿರಲಿಲ್ಲ. ವಯಸ್ಸಾಯಿತೆಂದು ಆ ಹೊತ್ತಿಗೆ ಅವರನ್ನು ಸುರಂಗದಿಂದ ತೆಗೆದು ಮೇಲೆ ಮಧ್ಯಾಹ್ನದ ಹಗುರ ಕೆಲಸಕ್ಕೆ ಹಾಕಿದ್ದರು, ಸಭೆಯ ದಿನ ರಜೆ ಹಾಕುತ್ತಿದ್ದರು. ಎಂದಿನ ಹಾಗೆ ಬೆಳಿಗ್ಗೆ ಶರ್ಟು ಹಾಕಿಕೊಂಡು ಶೆಡ್ಡಿಗೆ ಹೋಗಿ ಕುರ್ಚಿಯಲ್ಲಿ ಕೂರುತ್ತಿದ್ದರು. ಜನ ಬರುವುದು ಕಡಿಮೆಯಾಗಿತ್ತು. "ಎಲ್ಲಾರೂ ಪಾಳಿಗೆ ಓಗವ್ರೆ" ಅಂತ ಸಮಾಧಾನ ಮಾಡಿಕೊಂಡು ಬರುವರು.

ಬಂಗಾರಪೇಟೆಯಿಂದ ತಾಲ್ಲೂಕು ಕಾರ್ಯದರ್ಶಿ ಬಂದ. ವಕೀಲ, ಬಿಳಿ ಪಂಚೆ, ನಮ್ಮಪ್ಪನ ಹತ್ತಿರ ಓದಿದವನು. ಶೆಡ್ಡಿಗೆ ಹೋಗದೆ ನೇರ ನನ್ನ ಒಲೆ ಹತ್ತಿರ ಬಂದು ಮಣೆ ಎಳೆದುಕೊಂಡು ಕೂತ. ಶಾಖೆಯವರು ತನ್ನ ಹತ್ತಿರ ಬಂದು ದೂರಿದ್ದಾರೆ, ಅಧ್ಯಕ್ಷರ ಬದಲಾವಣೆಯ ವಿಷಯವನ್ನು ಮುಂದಿನ ಸಭೆಗೆ ಇಡಿಸಿದ್ದಾಗಿ ಹೇಳಿದ.

"ನೋಡಕ್ಕ, ನಿಮ್ಮ ಶಾಖೆಯೋರೇ ಇಳಿಸಿದ್ರೆ ಹಾರ ಹಾಕಿ ಮರ್ಯಾದೆಯಿಂದ ಕಳಿಸ್ಬೋದು. ಅವರು ಇಳಿಸ್ಲಿಲ್ಲ ಅಂದ್ರೆ ತಾಲ್ಲೂಕು ಸಮಿತಿ ಇಳಿಸ್ಬೇಕಾಗುತ್ತೆ. ನಾವು ಇಳಿಸೋದು ಅಂದ್ರೆ ಕಾರಣ ಹೇಳ್ಬೇಕು. ಪಾರ್ಟಿಗೆ ದ್ರೋಹ ಮಾಡಿದ ಅಂತ ಹೇಳಿ, ಸದಸ್ಯತ್ವಾನೂ ತೆಗೆದು ಹಾಕ್ಬೇಕಾಗುತ್ತೆ. ನೀವೇ ಅವರಿಗೆ ಒಂದು ಮಾತು ಹೇಳಿ, ತಾವಾಗೇ ಬಿಟ್ಟುಬಿಡ್ಲಿ."

"ನೀನ್ಯಾಕೆ ಹೇಳಬಾರದು? ಅವರು ಅಲ್ಲೇ ಇದಾರಲ್ಲ, ಶೆಡ್ಡಲ್ಲಿ."

"ನನ್ನನ್ನ ಪಾರ್ಟಿಗೆ ಸೇರಿಸಿದೋರು ಅವರು. ನನ್ನ ಬಾಯಲ್ಲಿ ಹೆಂಗೆ ಬರುತ್ತೆ?"

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಸಿಟ್ಟು ನೆತ್ತಿಗೇರಿತು. ಸೌಟು ಕೆಳಗಿಟ್ಟು ಏಳು ಮೇಲೆ ಅಂದೆ. ಎದ್ದು ಹೋದ. ಆ ರಾತ್ರಿಯೇ ನಮ್ಮವರಿಗೆ ಹೇಳಿದೆ, ಅದು ನಿಜ. ಅಧ್ಯಕ್ಷಗಿರಿ ಸಾಕು, ಬಿಟ್ಟುಬಿಡಿ ಅಂದೆ. ಯೋಚನೆ ಮಾಡಿ "ಸರಿ, ಬುಟ್ಬುಡ್ತೀನಿ" ಅಂದರು. ಬೆಳಿಗ್ಗೆ ಎದ್ದು ಶರ್ಟು ಹಾಕಿಕೊಂಡು ಶೆಡ್ಡಿಗೆ ಹೊರಟರು. ಮರುದಿನವೂ ಹೇಳಿದೆ. ಅದೇ ಆಯಿತು.

ಸಭೆಯ ದಿನ ಬಂತು. ಮೂರು ಹೊತ್ತೂ ಚಹಾ ಮಾಡಿ ಒಯ್ಯುವುದು ನನ್ನ ಕೆಲಸ. ಬೆಳಿಗ್ಗೆ ರಾತ್ರಿ ಪಾಳಿಯವರು ಕೆಂಪು ಕಣ್ಣು ಉಜ್ಜಿಕೊಂಡು ಬಂದು ಕೂತರು. ನಮ್ಮವರು ಎಂದಿನ ಭಾಷಣ ಮಾಡಿ, "ಅಧ್ಯಕ್ಷರು ಬದ್ಲಾಗ್ಬೇಕಾ ಅಂತ ಒಂದು ಇಷ್ಯ ಬಂದೈತೆ. ಯಾರಾದ್ರೂ ಮಾತಾಡೋರಿದ್ರೆ ಎದ್ದೇಳಿ" ಅಂದರು. ಯಾರೂ ಏಳಲಿಲ್ಲ. "ನಾನೇ ಇರ್ಬೇಕು ಅನ್ನೋರು ಕೈ ಎತ್ತಿ." ಎಲ್ಲ ಕೈಗಳೂ ಎದ್ದವು. ಅದೇ ಜನ ಹಿಂದಿನ ದಿನ ನನ್ನ ಮನೆಯ ಗೋಡೆಗೆ ಒರಗಿಕೊಂಡು ಎರಡು ನಾಲಿಗೆ ಅಂದವರು.

ಲೋಟ ತೊಳೆಯುವಾಗ ಒಬ್ಬನನ್ನು ಹಿಡಿದು ಕೇಳಿದೆ. "ಮಧ್ಯಾಹ್ನದೋರು ನೋಡ್ಕೊತಾರಕ್ಕ. ಮೂವತ್ತು ವರ್ಷದ ಪರಿಚಯ, ನಾವ್ಯಾಕೆ ಕೆಟ್ಟೋರಾಗೋಣ?" ಅಂದ. ಮಧ್ಯಾಹ್ನದವರು ಬಂದರು, ಅವರೂ ಎಲ್ಲ ಕೈ ಎತ್ತಿದರು. ಅವರನ್ನು ಕೇಳಿದರೆ "ಬೆಳಿಗ್ಗೆಯೋರು ಆಗ್ಲೇ ಬೇಡ ಅಂದಿರ್ತಾರೆ, ಸಾಯಂಕಾಲದೋರಂತೂ ಸರಿ. ನಮ್ಮ ಕೈಯಿಂದ ಯಾಕೆ ಆ ಪಾಪ?" ಅಂದು ಗಣಿಗೆ ಇಳಿದುಹೋದರು. ಬೆಕ್ಕಿಗೆ ಗಂಟೆ ಕಟ್ಟುವ ಕೆಲಸವನ್ನು ಒಂದು ಪಾಳಿ ಇನ್ನೊಂದು ಪಾಳಿಗೆ ಬಿಟ್ಟುಕೊಟ್ಟು ಹೋಗುತ್ತಿತ್ತು. ನೆಲದೊಳಗಿನವರ ಮಾತು ಕೇಳಿಸಬೇಕೆಂದು ಮಾಡಿದ ಪದ್ಧತಿಯಲ್ಲಿ ಯಾರ ಮಾತೂ ಕೇಳಿಸಲಿಲ್ಲ. ನಮ್ಮವರು ಖುಷಿಯಿಂದ ಊಟಕ್ಕೆ ಬಂದರು. "ಒಬ್ಬನೂ ಬೇಡ ಅನ್ಲಿಲ್ಲ ಕಣೇ. ಜನಕ್ಕೆ ಪ್ರೀತಿ ಐತೆ" ಅಂದರು. ಪ್ರೀತಿ ಇತ್ತು, ಸುಳ್ಳಲ್ಲ. ಆ ಪ್ರೀತಿಯೇ ಅವರನ್ನು ದ್ರೋಹಿ ಮಾಡಲಿಕ್ಕೆ ಹೊರಟಿತ್ತು.

ಸಾಯಂಕಾಲದ ಸಭೆಗೆ ವಕೀಲನೂ ಬಂದ, ಬಂಗಾರಪೇಟೆ ಟ್ರೇನಿನಲ್ಲಿ, ಕೈಯಲ್ಲಿ ಹಾರದ ಪೊಟ್ಟಣ ಹಿಡಿದುಕೊಂಡು. ಹೆಂಗಸರು ನಾವು ಗೋಡೆ ಪಕ್ಕ ಕೂತೆವು. ಕೋರಮಂಡಲ್‌ನ ಸೋತ ಅಭ್ಯರ್ಥಿ ಮುಂದಿನ ಬೆಂಚಿನಲ್ಲಿ ಮುಖ ಗಂಟು ಹಾಕಿಕೊಂಡಿದ್ದ. ಅವನ ಪಕ್ಕದಲ್ಲಿ ಬಂಡೆ ಕೊರೆಯುವ ಮೆಷಿನ್ ಓಡಿಸುವ ಒಬ್ಬ ಇದ್ದ. ತಮಿಳಿನವನು, ಮಾತು ಕಡಿಮೆ. ಮುಂದೆ ಯಾರು ಅಧ್ಯಕ್ಷರಾಗಬೇಕು ಎಂದು ಜನ ಗುಸುಗುಟ್ಟುವಾಗ ಬರುತ್ತಿದ್ದದ್ದು ಇವನ ಹೆಸರೇ. ಭಾಷಣ ಆಯಿತು. ನಗಿಸುವ ಮಾತು ಬಂತು, ನಕ್ಕರು. "ಯಾರಾದ್ರೂ ಮಾತಾಡೋರಿದ್ದೀರಾ?" ಎಂದು ಕೇಳಿದರು. ಒಬ್ಬ ತನ್ನ ಕಾಲುಗುರು ನೋಡಿಕೊಳ್ಳುತ್ತಿದ್ದ.

ನಾನು ಎದ್ದು ನಿಂತೆ.

"ಏನು, ಚಟ್ನಿ ಇಚಾರನಾ?" ಅಂದರು. ಎಲ್ಲ ನಕ್ಕರು.

"ಅಧ್ಯಕ್ಷರನ್ನ ಬದಲಾಯಿಸ್ಬೇಕು."

ನಗು ನಿಂತಿತು. ಅವರು ನನ್ನನ್ನೇ ನೋಡಿದರು. "ಯಾವ ಅಧ್ಯಕ್ಷರು? ಎಸ್ರು ಏಳಿ ಮಾತಾಡ್ಬೇಕು. ಎಲ್ರಿಗೂ ಒಂದೇ ಕಾನೂನು."

ನನ್ನಿಂದ ಆಗುವುದಿಲ್ಲ ಎಂದು ಗೊತ್ತಿದ್ದು, ಕೂರಿಸುವುದಕ್ಕೇ ಹಾಗೆ ಅಂದರೋ, ಅಭ್ಯಾಸ ಬಲದಿಂದ ಅಂದರೋ, ಇವತ್ತಿಗೂ ತಿಳಿಯದು. ನಾನು ಹೆಸರು ಹೇಳಿದೆ. ತಂದೆಯ ಹೆಸರಿನ ಮೊದಲಕ್ಷರದ ಸಮೇತ, ಪೂರ್ತಿ. ನನ್ನ ಹಿಂದಿದ್ದ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡಳು. ನನ್ನ ಬಾಯಲ್ಲಿ ಅದು ಬೇರೆ ಯಾರದೋ ಹೆಸರಿನ ಹಾಗೆ ಕೇಳಿಸಿತು.

"ಕಾರಣ?" ಅಂದರು.

"ಇವರಿಗೆ ಮರೆವು ಬಂದಿದೆ. ಎರಡು ನಾಲಿಗೆ ಅಂತೀರಲ್ಲ ಎಲ್ರೂ, ಇವರಿಗಿರೋದು ಒಂದೇ ನಾಲಿಗೆ. ಅದು ಏನು ಹೇಳ್ತು ಅಂತ ಇವರಿಗೆ ನೆನಪಿರಲ್ಲ. ಮೊದಲನೆಯವನಿಗೆ ಮಾತು ಕೊಟ್ಟಿದ್ದು ಮರೆತೇ ಎರಡನೆಯವನಿಗೆ ಕೊಟ್ರು. ಉಂಡಿದ್ದು ಮರೀತಾರೆ. ಇಳಿಯೋ ಸ್ಟೇಷನ್ ಮರೀತಾರೆ. ಸತ್ತ ಅಮ್ಮನಿಗೆ ಎಲೆ ಅಡಿಕೆ ತಂದಿದ್ರು."

ಅವರ ಮುಖ ನಾನು ಸರಿಯಾಗಿ ನೋಡಲಿಲ್ಲ, ನೋಡಿದ್ದರೆ ಕೂತುಬಿಡುತ್ತಿದ್ದೆ. ಮೆಲ್ಲಗೆ ಕೇಳಿದರು.

"ಎಲೆ ಅಡ್ಕೆ ತಂದಿದ್ನಾ ನಾನು?"

"ತಂದಿದ್ರಿ."

"ನಂಗ್ಯಾಕೆ ಏಳ್ಲಿಲ್ಲ ನೀನು?"

"ಹೇಳಿದ್ದೆ. ಮರೆತ್ರಿ."

ಹೊರಗೆ ಯಾರೋ ಸೈಕಲ್ ಬೆಲ್ ಹೊಡೆದುಕೊಂಡು ಹೋದರು. ನಮ್ಮವರು ಕುರ್ಚಿಯ ಕೈಯನ್ನು ಒಂದೆರಡು ಸಲ ಸವರಿದರು. ಆಮೇಲೆ ಅಧ್ಯಕ್ಷರ ದನಿಯಲ್ಲೇ, "ಬದ್ಲು ಮರ ಎಲ್ಲೈತೆ?" ಅಂದರು. ನಾನು ಮೆಷಿನ್ ಓಡಿಸುವವನ ಕಡೆ ಕೈ ತೋರಿಸಿ ಅವನ ಹೆಸರೂ ಹೇಳಿದೆ. ಅವನು ಗಾಬರಿಯಾಗಿ "ವೇಂಡಾಂ ಅಕ್ಕಾ, ವೇಂಡಾಂ" ಎಂದು ಏಳಲು ಹೋದ. "ಕೂತ್ಕೊಳ್ಲಾ. ಬೇಕು ಬೇಡ ಅನ್ನೋದು ನೀನಲ್ಲ" ಎಂದು ನಮ್ಮವರೇ ಗದರಿದರು. "ಇವ್ಳು ಏಳಿದ್ದು ಸರಿ ಅನ್ನೋರು ಕೈ ಎತ್ತಿ."

ಮೊದಲು ಕೈ ಎತ್ತಿದ್ದು ಕೋರಮಂಡಲ್‌ನವನು. ತಿಂಗಳಿನಿಂದ ಮೋಸ ಹೋದೆ ಎಂದು ಕುದಿಯುತ್ತಿದ್ದವನು ಈಗ ಹೆಂಗಸಿನ ಹಾಗೆ ಅಳುತ್ತಿದ್ದ. ಹಾಗೆ ಬರೆಯಬಾರದು, ಹೆಂಗಸು ನಾನು ಅಳದೆ ನಿಂತಿದ್ದೆ. ಅವನ ಹಿಂದೆ ಉಳಿದ ಕೈಗಳೂ ಎದ್ದವು. ಆಗ ನಮ್ಮ ವಕೀಲನಿಗೆ ಕಾನೂನು ನೆನಪಾಯಿತು. ಎದ್ದು ಗಂಟಲು ಸರಿಮಾಡಿಕೊಂಡು, "ಆದ್ರೆ ಮೂರು ಪಾಳೀನೂ ಕೂಡಿಸಿದ್ರೆ ಅಧ್ಯಕ್ಷರೇ ಗೆದ್ದ ಹಾಗಾಗುತ್ತಲ್ಲ" ಅಂದ. ಅವನು ಹೇಳಿದ್ದು ಸರಿ. ಬೆಳಿಗ್ಗೆ ಮಧ್ಯಾಹ್ನದ ಕೈಗಳೇ ಹೆಚ್ಚಿದ್ದವು. ನಮ್ಮವರು ಬೇಕೆಂದಿದ್ದರೆ ಆ ಕುರ್ಚಿಯಲ್ಲೇ ಕೂತಿರಬಹುದಿತ್ತು.

"ಬೆಳಿಗ್ಗೆ ಕೈ ಎತ್ತಿದೋರು ನನ್ ಮುಖಕ್ಕೆ ಎದ್ರಿ ಎತ್ತಿದ್ರು" ಅಂದರು ನಮ್ಮವರು. "ಆ ಕೈಗಳ್ನ ತಕ್ಕೊಂಡು ನಾನೇನು ಉಪ್ಪಿನ್ಕಾಯಿ ಆಕ್ಲಾ? ನನ್ ಮುಖ ನೋಡಿನೂ ಏಳ್ದೋಳು ಇವ್ಳೊಬ್ಳೇ." ಎದ್ದರು. "ನಂಗೆ ಅಂತ ತಂದಿರೋ ಆರ ಎಲ್ಲಿ?" ಎಂದು ಕೇಳಿದರು. ವಕೀಲ ತಂದಿದ್ದ ಹಾರವನ್ನು ಅವರೇ ತೆಗೆದು ಮೆಷಿನ್ ಓಡಿಸುವವನ ಕೊರಳಿಗೆ ಹಾಕಿ, ಕುರ್ಚಿಯಲ್ಲಿ ಕೂರಿಸಿ, ತಾವು ಹೋಗಿ ಬೆಂಚಿನಲ್ಲಿ ಕೂತರು.

ಮನೆಗೆ ಬಂದು ಹಿಟ್ಟು ರುಬ್ಬುವ ಕಲ್ಲಿನ ಮುಂದೆ ಕೂತು ನಾನು ಸಾಕಾಗುವಷ್ಟು ಅತ್ತೆ. ಸಂಕಟವೂ ಆಯಿತು, ಹಗುರವೂ ಆಯಿತು. ಎರಡೂ ಒಟ್ಟಿಗೇ ಆಗುತ್ತದೆ.

ಆ ಮೇಲೆ ಶಾಖೆಯವರು ಮೂರು ಪಾಳಿಯ ಪದ್ಧತಿಯನ್ನು ಬಿಡಲಿಲ್ಲ, ಬಿಡಬಾರದು ಕೂಡ. ಆದರೆ ಯಾರ ವಿಷಯ ಬಂದಿದೆಯೋ ಅವರು ಆ ಹೊತ್ತು ಕುರ್ಚಿ ಬಿಟ್ಟು ಬೆಂಚಿಗೆ ಬರಬೇಕು ಎಂದು ಮಾಡಿಕೊಂಡರು. ಶೆಡ್ಡು ಬಿಟ್ಟು ಹೊರಗೆ ಹೋಗಬಾರದು, ಬೆಂಚಿನಲ್ಲಿ ಕೂತು ಕೇಳಿಸಿಕೊಳ್ಳಬೇಕು. ನನಗೆ ಅದು ಸರಿ ಕಂಡಿತು. ನಾಯಕನನ್ನು ಇಳಿಸುವ ವಿಚಾರ ಓದಿಕೊಂಡವರು ಏನೇನೋ ಹೇಳುತ್ತಾರೆ. ಅಷ್ಟು ಜನ ಬೇಕು, ಇಷ್ಟು ಜನ ಬೇಕು, ಮೇಲಿನವರು ಹೇಳಬೇಕು ಅಂತ. ಮುಖ ನೋಡಿ ಹೇಳುವವನು ಒಬ್ಬ ಇಲ್ಲದಿದ್ದರೆ ಎಷ್ಟು ಜನ ಇದ್ದರೇನು? ಈಚೆಗೆ ಪೇಪರಿನಲ್ಲಿ ಓದುತ್ತೇನೆ, ಯಾರನ್ನೋ ಪ್ರವಾಸದಲ್ಲಿರುವಾಗ ಇಳಿಸಿದರಂತೆ, ಅವನಿಗೆ ರೇಡಿಯೋ ಕೇಳಿ ಗೊತ್ತಾಯಿತಂತೆ. ಥೂ, ಮನೆ ಕೆಲಸದವಳನ್ನೂ ಹಾಗೆ ಬಿಡಿಸಬಾರದು.

ನಾನು ಒಂದು ಸಲ ಹೇಳಿ ಮುಗಿಸಿದೆ ಅಂದುಕೊಂಡಿದ್ದೆ. ಮರುದಿನ ಬೆಳಿಗ್ಗೆ ನಮ್ಮವರು ಶರ್ಟು ಹಾಕಿಕೊಂಡು ಹೊರಟರು.

"ಎಲ್ಲಿಗೆ?"

"ಶೆಡ್ಡಿಗೆ. ಅಧ್ಯಕ್ಷ ಒತ್ತಿಗ್ಮುಂಚೆ ಇರ್ಬೇಕು."

"ಈಗ ನೀವು ಅಧ್ಯಕ್ಷರಲ್ಲ. ನೆನ್ನೆ ಇಳಿಸಿದ್ರು."

ಮುಖ ಬಿಳುಚಿಕೊಂಡಿತು. ಅವತ್ತು ಶೆಡ್ಡಿನಲ್ಲಿ ನಾನು ನೋಡದೆ ತಪ್ಪಿಸಿಕೊಂಡಿದ್ದ ಮುಖ ಅದೇ ಇರಬೇಕು. "ಯಾರು ಇಳ್ಸಿದ್ದು?"

"ನಾನೇ."

"ಎಸ್ರು ಏಳಿ ಇಳ್ಸಿದ್ಯಾ?"

"ಹೆಸರು ಹೇಳಿ, ಎದುರಿಗೇ."

"ಬದ್ಲು ಮರ ನಿಲ್ಸಿದ್ರಾ?"

"ನಿಲ್ಸಿದ್ವಿ."

"ಅಂಗಾದ್ರೆ ಸರಿ" ಅಂದು ಶರ್ಟು ಬಿಚ್ಚಿ ಮೊಳೆಗೆ ತಗುಲಿ ಹಾಕಿದರು. ಮರುದಿನ ಮತ್ತೆ ಹಾಕಿಕೊಂಡರು. ಹೀಗೆ ದಿನಾ ಬೆಳಿಗ್ಗೆ ಅವರನ್ನು ಇಳಿಸುವುದು ನನ್ನ ಪಾಲಿಗೆ ಬಂತು. ಇಡೀ ಶಾಖೆ ಒಂದು ಸಲ ಮಾಡಲು ಅಂಜಿದ್ದನ್ನು ನಾನು ಒಲೆ ಹೊತ್ತಿಸುವ ಮುಂಚೆ ಮಾಡಬೇಕಿತ್ತು. ಒಮ್ಮೊಮ್ಮೆ ಸುಳ್ಳು ಹೇಳಿಬಿಡೋಣ ಅನ್ನಿಸುತ್ತಿತ್ತು, ಇವತ್ತು ಸಭೆ ಇಲ್ಲ, ಮಲಗಿ ಅಂತ. ಹೇಳಲಿಲ್ಲ. ಪ್ರತಿ ಸಲವೂ ಆ ಮುಖ ನೋಡಿದೆ. ಶರ್ಟು ಅಡಗಿಸಿಡು ಎಂದು, ಬಂಗಾರಪೇಟೆಗೆ ಮದುವೆ ಮಾಡಿಕೊಟ್ಟಿದ್ದ ಮಗಳು ಬಂದಾಗ ಹೇಳಿದಳು. ಅದಕ್ಕೂ ನನಗೆ ಮನಸ್ಸು ಬರಲಿಲ್ಲ. ಹೊಸ ಅಧ್ಯಕ್ಷ ರಜೆಯ ದಿನ ಬಂದು ಅವರ ಪಕ್ಕದಲ್ಲಿ ಕೂತು ಶಾಖೆಯ ಸಮಾಚಾರವನ್ನೆಲ್ಲ ಒಪ್ಪಿಸಿ ಹೋಗುತ್ತಿದ್ದ. ಇವರು ಗಂಭೀರವಾಗಿ ಕೇಳಿ, ಅವನು ಹೋದ ಮೇಲೆ "ಉಡುಗ ಯಾರು? ಚುರುಕಾಗವ್ನೆ" ಅನ್ನುತ್ತಿದ್ದರು.

ಕೆಲಸದಿಂದ ನಿವೃತ್ತಿಯಾದ ಮೇಲೆ ಲೈನಿನ ಮನೆ ಬಿಡಬೇಕಾಯಿತು. ಬಂಗಾರಪೇಟೆಯಲ್ಲಿ ಮಗಳ ಮನೆಯ ಪಕ್ಕ ಬಾಡಿಗೆಗೆ ಬಂದೆವು, ಸ್ಟೇಷನ್ನಿಗೆ ಹತ್ತಿರ. ಅಲ್ಲಿ ಶರ್ಟು ಕೇಳುವುದು ಕಡಿಮೆಯಾಗುತ್ತಾ ಬಂತು. ಒಂದು ದಿನ ಜಗಲಿಯ ಮೇಲೆ ನಾನು ಅವರೆಕಾಯಿ ಸುಲಿಯುತ್ತಿದ್ದೆ, ಅವರು ಪಕ್ಕದಲ್ಲಿ ಕೂತಿದ್ದರು. ಗಣಿ ಕಡೆಯ ಟ್ರೇನು ಹೋಯಿತು. ಅದು ಹೋದ ಮೇಲೆ, ಏನೋ ನೆನಪಾದವರ ಹಾಗೆ, "ಅವತ್ತು ಸಭೇಲಿ ಯಾರ್ನೋ ಇಳ್ಸಿದ್ರಲ್ಲ, ಯಾರ್ನ?" ಅಂದರು.

ನಿಮ್ಮನ್ನೇ ಎಂಬ ಮಾತು ಬಾಯಿಗೆ ಬಂತು. ಆದರೆ ಅವರು ಕೇಳಿದ್ದು ಹೆಸರು. ಸುತ್ತಮುತ್ತ ಯಾರೂ ಇರಲಿಲ್ಲ. ನಾನು ಹೆಸರು ಹೇಳಿದೆ, ಎರಡನೇ ಸಲ.

ಅವರು ಆ ಹೆಸರನ್ನು ತಾವೂ ಒಂದು ಸಲ ಅಂದು ನೋಡಿದರು. ಯಾರೆಂದು ಗೊತ್ತಾಗಲಿಲ್ಲ.

"ಒಳ್ಳೆ ಮನ್ಸನಾ?" ಎಂದು ಕೇಳಿದರು.

"ತುಂಬಾ ಒಳ್ಳೆ ಮನುಷ್ಯ."

"ಪಾಪ. ಎದ್ರಿಗೇ ಏಳಿದ್ರಾ ಅವ್ನಿಗೆ?"

"ಎದುರಿಗೇ ಹೇಳಿದ್ರು."

"ಅಂಗಾದ್ರೆ ಸರಿ" ಅಂದು, ನನ್ನ ಮೊರದಿಂದ ಒಂದು ಹಿಡಿ ಅವರೆಕಾಯಿ ತೆಗೆದುಕೊಂಡು ಸುಲಿಯತೊಡಗಿದರು.